ಸಿಡಿಲು ಬ್ಯಾಂಡೂ ಅಟ್ಟದ ಕೊಬ್ಬರಿಯೂ

ಅಣ್ಣ ನನಗೆ ವಹಿಸಿದ್ದು ಒಂದೇ ಕೆಲಸ. ಹೊರುವ ಕೆಲಸವಲ್ಲ, ಓಡುವ ಕೆಲಸವಲ್ಲ. ಕೇಳುವ ಕೆಲಸ. ಕಿವಿಯಿದ್ದವರೆಲ್ಲ ಮಾಡಬಹುದಾದದ್ದು. ದೇವರು ನನಗೆ ಎರಡು ಕಿವಿ ಕೊಟ್ಟಿದ್ದಾನೆ. ಆದರೂ ನಾನು ಅದನ್ನು ಮಾಡಲಿಲ್ಲ!

ನನ್ನ ಅಣ್ಣ ಶಿವಣ್ಣ ತಿಪಟೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾನೆ. ಹರೆಯದಲ್ಲಿ ಅವನು ರಾಕ್ ಗಾಯಕ. ಉದ್ದ ಕೂದಲು, ಕರೆಂಟ್ ಗಿಟಾರು. ಗಣೇಶನ ಪೆಂಡಾಲಿನಲ್ಲಿ ಅವನ ‘ಸಿಡಿಲು ಬ್ಯಾಂಡ್’ ಶುರುವಾದರೆ ಹುಳಿಯಾರಿನ ಹುಡುಗರೂ ಬಂದು ಅಂಗಿ ಬಿಚ್ಚಿ ಕುಣಿಯುತ್ತಿದ್ದರು. ಕೀಬೋರ್ಡಿಗೆ ನಂಜುಂಡಿ. ಡ್ರಮ್ಮಿಗೆ ನಾನು. ಶಾಲೆ ಅರ್ಧಕ್ಕೆ ಬಿಟ್ಟವನಿಗೆ ಬಡಿಯುವುದಾದರೂ ಬರಲಿ ಎಂದು ಅಣ್ಣನೇ ಕಲಿಸಿದ್ದ. ಆಮೇಲೆ ಮದುವೆ, ತೋಟ, ಮಂಡಿನೋವು. ಸಿಡಿಲು ತಣ್ಣಗಾಯಿತು.

ಹೋದ ವರ್ಷ ಅಣ್ಣನಿಗೆ ಮತ್ತೆ ಹುರುಪು ಬಂತು.

"ಎಲ್ರೂ ಸೇರಾನ ಕಣ್ಲಾ ಚಂದ್ರ. ಒಂದು ಆಲ್ಬಂ ಮಾಡಾನ. ಜನ ಕಾಯ್ತಾವ್ರೆ."

ಯಾವ ಜನ ಎಂದು ಕೇಳಲು ಧೈರ್ಯ ಬರಲಿಲ್ಲ. ಅಣ್ಣನೆದುರು ನನಗೆ ಈ ವಯಸ್ಸಿನಲ್ಲೂ ನಾಲಿಗೆ ಹೊರಳುವುದಿಲ್ಲ.

ತಿಪಟೂರಿನಲ್ಲಿ ಗಾಡಿಗಳ ಗಲಾಟೆಯೆಂದು ರೆಕಾರ್ಡಿಂಗಿಗೆ ನಮ್ಮ ಹಳ್ಳಿ ಬಿಳಿಗೆರೆಯಲ್ಲಿನ ನನ್ನ ಮನೆಯ ನಡುಮನೆ ನಿಗದಿಯಾಯಿತು. ಮೈಕು, ಲ್ಯಾಪ್‌ಟಾಪು ಹೊತ್ತು ಬಂದ ಅಣ್ಣ ತಲೆಯೆತ್ತಿ ನೋಡಿದ. ಮೇಲೆ ಅಟ್ಟ. ಅಟ್ಟದ ತುಂಬ ಕೊಬ್ಬರಿಯಾಗಲೆಂದು ಒಣಗಲು ಬಿಟ್ಟ ತೆಂಗಿನಕಾಯಿ.

"ಮೇಲೇನೂ ತೊಂದ್ರೆ ಇಲ್ವೇನ್ಲಾ?"

"ಕಾಯಿ ಕಣಣ್ಣ. ಅವೇನು ಮಾತಾಡ್ತಾವಾ?" ಎಂದೆ.

ಮಾತಾಡಿದವು.

ಕಾಯಿ ಒಣಗಿ ಕೊಬ್ಬರಿಯಾದರೆ ಒಳಗಿನ ತಿರುಳು ಗಿಟುಕಾಗಿ ಚಿಪ್ಪು ಬಿಟ್ಟು ಸಡಿಲವಾಗುತ್ತದೆ. ಅಲುಗಿಸಿದರೆ ಲೊಟಲೊಟ ಎನ್ನುತ್ತದೆ. ಇದು ನಮ್ಮ ಸೀಮೆಯ ಹಸುಗೂಸಿಗೂ ಗೊತ್ತು. ಆದರೆ ನಾನು ಕೆಳಗೆ ಡ್ರಮ್ ಬಡಿದರೆ ಅಟ್ಟ ನಡುಗಿ, ಸಾವಿರಾರು ಕಾಯಿ ಒಟ್ಟಿಗೆ ತಾಳ ಹಾಕುತ್ತವೆ ಎಂದು ನನಗೆ ಹೊಳೆಯಲಿಲ್ಲ. ಬಡಿಯುವವನಿಗೆ ಬೇರೇನೂ ಕೇಳುವುದಿಲ್ಲ. ಅಣ್ಣ ಕಣ್ಣುಮುಚ್ಚಿ ಹಾಡುತ್ತಿದ್ದ. ನಂಜುಂಡಿಗೆ ಈಗ ಕಿವಿ ಮಂದ.

ಮುಗಿದ ಮೇಲೆ ಅಣ್ಣ ಪೆನ್‌ಡ್ರೈವ್ ಕೊಟ್ಟ. "ನನ್ನ ದನಿ ನಾನೇ ಕೇಳಿದ್ರೆ ಸಮಾಧಾನ ಆಗಲ್ಲ. ನೀನು ಪೂರ್ತಿ ಕೇಳು. ಸರಿ ಅಂದ್ರೆ ರಿಲೀಸು. ಇಲ್ಲ ಅಂದ್ರೆ ಇಲ್ಲ."

ನಾನು ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಸೋಮಾರಿತನವಲ್ಲ, ಭಯ! ಇಷ್ಟು ವರ್ಷದ ಮೇಲೆ ನನ್ನ ಡ್ರಮ್ಮು ಹೇಗಿದೆಯೋ ಎಂದು ನೆನೆದರೇ ಎದೆ ಹೊಡೆದುಕೊಳ್ಳುತ್ತಿತ್ತು. ನನ್ನ ಬಡಿತಗಳಲ್ಲಿ ತಾಳ ತಪ್ಪದ್ದು ಅದೊಂದೇ.

"ಕೇಳಿದ್ಯೇನ್ಲಾ?" ಫೋನಿನಲ್ಲಿ ಅಣ್ಣ.

"ಕೇಳ್ದೆ ಕಣಣ್ಣ. ಸೂಪರ್!"

ಅಣ್ಣ ರಿಲೀಸಿಗೆಂದು ಅಂಗಡಿ ಮುಂದೆ ಶಾಮಿಯಾನ ಹಾಕಿಸಿದ. ಹಳೇ ಅಭಿಮಾನಿಗಳು ಬಂದರು. ಅಂಗಿ ಬಿಚ್ಚುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೊಬ್ಬರಿ ವ್ಯಾಪಾರಿ ಕೆಂಪಣ್ಣ. ನಾನು ಕಾಫಿ ಹಂಚುವ ನೆಪದಲ್ಲಿ ಹಿಂದೆ ಅಡಗಿದೆ. ಸ್ಪೀಕರು ಗಂಟಲು ಸರಿಮಾಡಿಕೊಂಡು ಶುರುವಾಯಿತು.

ಲೊಟಲೊಟಲೊಟ!

ಅಣ್ಣ ಓಡಿಬಂದು ನನ್ನ ತೋಳು ಹಿಡಿದ. "ಏನ್ಲಾ ಅದು ಸದ್ದು?"

ಕಾಫಿ ತಟ್ಟೆ ನೋಡುತ್ತ ಹೇಳಿದೆ: "ಎಫೆಕ್ಟು ಕಣಣ್ಣ. ಈಗೆಲ್ಲ ಹಂಗೇ ಹಾಕ್ತಾರೆ."

ಅಷ್ಟರಲ್ಲಿ ಕೆಂಪಣ್ಣ ಕಿವಿಗೆ ಕೈಯಾನಿಸಿ ಎದ್ದು ನಿಂತ. "ಯಾರ ಅಟ್ಟಾನಪ್ಪಾ ಇದು? ಕೊಬ್ಬರಿ ಪಸಂದಾಗಿ ಆಗೈತೆ. ಸುಲಿಸಿಬುಡಿ!"

"ಬಲಗಡೆ ಸ್ಪೀಕರಿಂದು ಆಗೈತೆ, ನಿಜ. ಎಡಗಡೇದ್ರಲ್ಲಿ ಇನ್ನೂ ನೀರೈತೆ ಕಣ್ರೀ," ಎಂದ ಪಕ್ಕದವನು.

ಎರಡನೆಯ ಹಾಡಿಗೆ ವಾದ ಜೋರಾಯಿತು. ಮೂರನೆಯ ಹಾಡಿಗೆ ಕೆಂಪಣ್ಣ ರೇಟು ಹೇಳಿದ. ಅಣ್ಣನ ಹಾಡನ್ನು ಒಬ್ಬನೂ ಕೇಳಲಿಲ್ಲ. ಅಣ್ಣ ಮೆಲ್ಲಗೆ ನನ್ನ ತೋಳು ಬಿಟ್ಟ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ!

ಆಮೇಲೆ ಅವನ ಫೋನೂ ಇಲ್ಲ. ಬೀದಿಯಲ್ಲಿ ಬೈಕಿನ ಸದ್ದಾದರೆ ನಾನು ಹಿತ್ತಿಲಿಗೆ ಹೋಗುತ್ತಿದ್ದೆ. ಅಣ್ಣ ಬಂದು ಅಟ್ಟದ ಕಾಯಿ ಅಲುಗಿಸಿ ನೋಡಿದರೆ? ಸಾಕ್ಷಿ ನಾಶಪಡಿಸುವುದೇ ಕ್ಷೇಮವೆಂದು ತೀರ್ಮಾನಿಸಿ, ಆಳು ಕರೆಸಿ ಕಾಯನ್ನೆಲ್ಲ ಇಳಿಸಿ ಸುಲಿಸಿ ಒಡೆಸಿದೆ. ಅರ್ಧಕ್ಕರ್ಧ ಕಾಯಿಯಲ್ಲಿ ಇನ್ನೂ ನೀರು. ಎಡಗಡೆ ಸ್ಪೀಕರು ಸುಳ್ಳು ಹೇಳಿರಲಿಲ್ಲ!

ಅಂಗಳವೆಲ್ಲ ಒದ್ದೆಯಾದದ್ದು ನೋಡಿ ನನ್ನ ಹೆಂಡತಿ ಜಯಾ ಸೊಂಟಕ್ಕೆ ಕೈಯಿಟ್ಟಳು. "ಕಾಯಿ ಹಾಳಾಗಿದ್ದು ಸಾಕು. ಹೋಗಿ ಭಾವನತ್ರ ನಿಜ ಹೇಳ್ರೀ."

"ಹೊಡೆದ್ರೆ?"

"ಹೊಡಿಸ್ಕಳಿ. ಇಷ್ಟು ವರ್ಷ ಬಡಿದಿದ್ದೀರಲ್ಲ, ಒಂದ್ಸಲ ಡ್ರಮ್ಮಾಗಿ ನೋಡಿ!"

ತಿಪಟೂರಿಗೆ ಹೋದೆ. ಅಂಗಡಿಯಲ್ಲಿ ಅಣ್ಣ ಗಿಟಾರಿನ ತಂತಿ ಬಿಚ್ಚುತ್ತಿದ್ದ. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು.

"ಬಾ. ಇದನ್ನ ಯಾರಿಗಾದ್ರೂ ಕೊಟ್ಬುಡ್ತೀನಿ," ಎಂದ ತಲೆಯೆತ್ತದೆ. "ನೀನು ಪೂರ್ತಿ ಕೇಳಿದ್ದೆ. ಆ ಸದ್ದು ನಿಂಗೆ ಗೊತ್ತಾಗ್ದೆ ಇರುತ್ತಾ? ನನ್ನ ದನಿಗಿಂತ ಆ ಸದ್ದೇ ವಾಸಿ, ದನೀನ ಮುಚ್ಚಿಕೊಂಡಿರ್ಲಿ ಅಂತ ಸುಮ್ನಾಗಿದ್ದೀಯ. ಅಣ್ಣಂಗೆ ನೋವಾಗದು ಬ್ಯಾಡ ಅಂತ. ಒಳ್ಳೇದೇ ಮಾಡ್ದೆ ಬುಡು. ಇನ್ನು ನಾನು ಹಾಡಲ್ಲ."

ನಾನು ಹೆದರಿದ್ದು ಏಟಿಗೆ. ಅವನೋ ನನ್ನನ್ನು ಒಳ್ಳೆಯವನು ಎಂದುಕೊಂಡಿದ್ದ! ಹಾಗೇ ಒಳ್ಳೆಯವನಾಗಿ ಮನೆಗೆ ಹೋಗಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತೂ ಕೂಡ. ಅಷ್ಟರಲ್ಲಿ ಇನ್ನೊಂದು ತಂತಿ ಟಿಣ್ಣೆಂದು ಬಿಚ್ಚಿಕೊಂಡಿತು. ನನ್ನ ಬಾಯಿ ತಾನಾಗಿ ತೆರೆಯಿತು. ನನ್ನ ಕೂಗಿಗೆ ಎದುರಿನ ಹೋಟೆಲಿನವರೆಲ್ಲ ತಿರುಗಿ ನೋಡಿದರು.

"ಅಣ್ಣಾ, ತಪ್ಪಾಯ್ತು ಕಣಣ್ಣ! ನಾನು ಕೇಳ್ಲೇ ಇಲ್ಲ. ಒಂದು ಹಾಡೂ ಕೇಳ್ಲಿಲ್ಲ. ನನ್ನ ಡ್ರಮ್ಮಿಗೆ ನಾನೇ ಹೆದರ್ಕಂಡಿದ್ದೆ. ನಿನ್ನ ದನಿ ಹೆಂಗೈತೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ!"