ಸ್ಲೋಪ್ ಕೊಟ್ಟ ಬಾಮೈದ

ಹೊಸ ಪವರ್ ಸಪ್ಲೈ ಬೆಳಗ್ಗೆಯೇ ಕಿರುಚತೊಡಗಿತು, ಎಂಜಿನಿಯರನ ಗ್ರಹಚಾರವೂ ಕೆಟ್ಟಿತು. ಮಧ್ಯಾಹ್ನ ಗಿರಾಕಿಯ ಕಡೆಯ ತಜ್ಞರು ಅದನ್ನು ನೋಡಲು ಬರುವವರಿದ್ದರು. ಅವರು ತಲೆಯಾಡಿಸಿದರೆ ಮಾತ್ರ ಇವನ ಕೆಲಸ ಖಾಯಂ.

ಲೋಡು ಏರಿಸಿದರೆ ಸಾಕು, ಒಳಗಿನ ಸ್ವಿಚ್ಚು ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ ಎಂಬಂತೆ ಕುಂಟುತ್ತಿತ್ತು. ಆ ಕುಂಟಾಟದ್ದೇ ಕೀರಲು ದನಿ.

"ಏನ್ರೀ ಇದು, ಕತ್ತು ಹಿಸುಕಿದ ಹಾಗೆ ಅರಚ್ತಾ ಇದೆ!" ಎಂದು ಮಾಲೀಕರು ಓಡಿಬಂದರು. ಬೆನ್ನಿಗೇ ಅವರ ಬಾಮೈದ. ಬೇರೆ ಯಾವ ಕೆಲಸಕ್ಕೂ ಬಾರದ ಈ ಮಹಾನುಭಾವನ ಕೈಗೆ ಅಕ್ಕನ ಒತ್ತಾಯದ ಮೇಲೆ ಸ್ಟೋರಿನ ಬೀಗದ ಕೈ ಬಂದಿತ್ತು.

"ಸ್ಲೋಪ್ ಸಾಲದು ಸಾರ್. ಸ್ವಲ್ಪ ಸ್ಲೋಪ್ ಕೊಟ್ರೆ ಸುಮ್ಮನಾಗತ್ತೆ," ಎಂದ ಎಂಜಿನಿಯರ್.

"ಇಷ್ಟೇನಾ? ಇದಕ್ಕೆ ಬೆಳಗ್ಗಿಂದ ತಲೆ ಕೆರ್ಕೊಂಡು ಕೂತಿದೀರಾ?" ಎಂದ ಬಾಮೈದ.

ಸ್ಲೋಪ್ ಅಂದರೆ ಕರೆಂಟಿನ ಅಳತೆಗೆ ಬೆರೆಸುವ, ಮೆಲ್ಲಗೆ ಏರುವ ವೋಲ್ಟೇಜು, ಒಂದು ಪುಟ್ಟ ರೆಸಿಸ್ಟರಿನ ಕೆಲಸ ಎಂದು ಎಂಜಿನಿಯರ್ ವಿವರಿಸುವಷ್ಟರಲ್ಲಿ ಆಸಾಮಿ ಮಾಯವಾಗಿದ್ದ. ಮರಳಿದಾಗ ಕೈಯಲ್ಲಿ ಮರದ ತುಂಡು. ಮೇಜಿನ ಒಂದು ಬದಿ ಎತ್ತಿ ಕಾಲಿನಡಿ ತುರುಕಿಯೇಬಿಟ್ಟ. ಸ್ಕ್ರೂಗಳು ಉರುಳಿದವು, ಕಾಫಿ ಮೀಟರಿನ ಮೇಲೆ ಚೆಲ್ಲಿತು. ಎಂಜಿನಿಯರ್ ನೆಲದಲ್ಲಿ ತೆವಳಿ ರೆಸಿಸ್ಟರು ಹುಡುಕಿ, ವಾಲಿದ ಮೇಜನ್ನು ಹೊಟ್ಟೆಯಿಂದ ಒತ್ತಿಹಿಡಿದು ಬೆಸುಗೆ ಹಾಕಿದ. ಸ್ವಿಚ್ ಒತ್ತಿದ. ಸದ್ದಿಲ್ಲ.

"ನೋಡಿದ್ರಾ ಭಾವಾ?" ಎಂದ ಬಾಮೈದ.

ಭಾವ ನೋಡಿದ್ದರು. ನೋಡಿದ್ದನ್ನು ಪೂರ್ತಿ ನಂಬಿಯೂ ಇದ್ದರು. ಎಂಜಿನಿಯರನಿಗೆ ಮೈ ಉರಿಯಿತು.

ತಜ್ಞರು ಬಂದರು. ಅವರ ಕನ್ನಡಕ ವೋಲ್ಟೇಜಿನ ಅಲೆ ತೋರಿಸುವ ಸ್ಕೋಪಿನ ಪರದೆಗೆ ಅಂಟಿಕೊಂಡಿದ್ದರಿಂದ ಮೇಜು ವಾಲಿದ್ದು ಕಾಣಲೇ ಇಲ್ಲ. ಅಷ್ಟು ಓದಿದವರಿಗೆ ಮೇಜು ಯಾಕೆ ಕಾಣಬೇಕು?

"ಸ್ಲೋಪ್ ಹದವಾಗಿ ಕೊಟ್ಟಿದೀರಿ. ಯಾರ ಕೈಚಳಕ?"

"ನಮ್ಮ ಸ್ಟೋರ್ ನೋಡ್ಕೊಳ್ಳೋ ಇವನದ್ದೇ ಸಾರ್," ಎಂದು ಮಾಲೀಕರು ಬಾಮೈದನನ್ನು ಮುಂದೆ ತಳ್ಳಿದರು.

"ಸಾರ್, ಅದು ನಾನು..." ಎಂದ ಎಂಜಿನಿಯರ್.

"ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡ್ರೀ!" ಎಂದು ಮಾಲೀಕರು ಗದರಿದರು.

ತಜ್ಞರು ಬಾಮೈದನತ್ತ ತಿರುಗಿದರು. "ಸ್ಲೋಪ್ ಕಡಿಮೆ ಆದ್ರೆ ಏನಾಗತ್ತೆ ಹೇಳಿ?"

"ಅಲ್ಲಾಡತ್ತೆ ಸಾರ್."

"ಭೇಷ್! ಜಾಸ್ತಿ ಆದ್ರೆ?"

"ಬಿದ್ದೋಗತ್ತೆ."

"ಹೌದು ಕಣ್ರೀ, ಔಟ್‌ಪುಟ್ ಬಿದ್ದೋಗತ್ತೆ! ಪುಟಗಟ್ಟಲೆ ಬರೆಯೋರನ್ನ ನೋಡಿದೀನಿ, ಎರಡೇ ಮಾತಲ್ಲಿ ಮುಗಿಸಿದೋರನ್ನ ನೋಡಿರಲಿಲ್ಲ. ಇಂಥವರನ್ನ ಸ್ಟೋರಲ್ಲಿ ಕೊಳೆಹಾಕ್ತಾರೇನ್ರೀ?"

ಆರ್ಡರು ಅಲ್ಲೇ ಕುದುರಿತು. ತಜ್ಞರ ಕಾರು ಗೇಟು ದಾಟುವ ಮೊದಲೇ ಬಾಮೈದ ಚೀಫ್ ಎಂಜಿನಿಯರ್ ಆದ.

"ಸಾರ್, ನನ್ನ ಖಾಯಂ ವಿಚಾರ?" ಎಂದು ಎಂಜಿನಿಯರ್ ಹಲ್ಲು ಕಚ್ಚಿಕೊಂಡು ಕೇಳಿದ.

"ಇನ್ಮೇಲೆ ಅದನ್ನೆಲ್ಲ ಇವನೇ ನೋಡ್ಕೋತಾನೆ," ಎಂದರು ಮಾಲೀಕರು.

ಬಾಮೈದ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ.

"ನೋಡೋಣ. ಮೊದ್ಲು ಸ್ಲೋಪ್ ಅಂದ್ರೇನು ಅಂತ ಕಲ್ತ್ಕೊಳ್ಳಿ."