ಎರಡು ಸದ್ದಿನ ಎಂಜಿನ್ನು

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಸಣ್ಣ ತಿರುಪು. ಎಂಜಿನ್ನಿನ ಕಿಡಿ ಯಾವ ಹೊತ್ತಿಗೆ ಬೀಳಬೇಕೆಂದು ಕಂಪನಿಯವರು ಒಂದು ಗೆರೆ ಕೊರೆದು ತೋರಿಸಿದ್ದರು. ತಿರುಪು ಆ ಗೆರೆಗೆ ಸರಿಯಾಗಿ ಕೂರಬೇಕು. ದೇರಪ್ಪ ಅದನ್ನು ಒಂದು ಅಕ್ಕಿಕಾಳಿನಷ್ಟು ಮುಂದಕ್ಕೆ ತಿರುಗಿಸಿದ.

"ಇದ್ ಮಾಡ್ದವು ಬಿಸಿಲೂರಿನವು," ಎಂದು ಹೆಂಡತಿ ಬೊಳ್ಳಮ್ಮನಿಗೆ ವಿವರಿಸಿದ. "ನಮ್ಮ ಕೊಡಗಿನ ಚಳಿಗೆ ಎಂಜಿನ್ ಏಳುದೇ ತಡ. ಕಿಡಿ ಒಂಚೂರು ಮೊದ್ಲೇ ಬಿದ್ದರೆ ಗಡಬಡಿಸಿ ಎದ್ದು ಕೂರ್ದೆ."

"ನಿಮ್ಮನ್ನ ಏಳ್ಸಿಕೂ ಹಂಗೊಂದ್ ತಿರುಪು ಇದ್ದಿದ್ದರೆ!" ಎಂದಳು ಬೊಳ್ಳಮ್ಮ.

ದೇರಪ್ಪ ಹತ್ತಿರದ ಎಸ್ಟೇಟಿನಲ್ಲಿ ರೈಟರು. ಕೆಲಸ ಹಾಜರಿ ಬರೆಯುವುದು, ಪ್ರಾಣ ಮಾತ್ರ ಯಂತ್ರಗಳ ಮೇಲೆ. ಸಿದ್ದಾಪುರದ ಸೈಕಲ್ ಶಾಪಿನಲ್ಲಿ ಅವನಂಥ ನಾಲ್ಕು ಜನ ಸೇರುತ್ತಿದ್ದರು. ಒಬ್ಬನ ಗಡಿಯಾರ ಇನ್ನೊಬ್ಬ ಕಿವಿಗಿಟ್ಟುಕೊಂಡು, ಮೂರನೆಯವನ ಟಾರ್ಚು ನಾಲ್ಕನೆಯವನ ಕಣ್ಣಿಗೆ ಬಿಟ್ಟು ಗಂಟೆಗಟ್ಟಲೆ ವಾದಿಸುತ್ತಿದ್ದರು. ದೇರಪ್ಪನಿಗೆ ಎಲ್ಲದರ ಮೇಲೂ ಅಭಿಪ್ರಾಯವಿತ್ತು. ರೇಡಿಯೋ ಎಂದರೆ ವಾಲ್ವಿನದು. ಟ್ರಾನ್ಸಿಸ್ಟರು ಚಿಕೋರಿ ಬೆರೆಸಿದ ಕಾಫಿ. ಯಾವುದೋ ಪತ್ರಿಕೆಯಲ್ಲಿ ಕೋಣೆಯಷ್ಟು ದೊಡ್ಡದಾದ ಲೆಕ್ಕದ ಯಂತ್ರದ ಚಿತ್ರ ಬಂದಾಗಲೂ ಅವನು ತಲೆ ಅಲ್ಲಾಡಿಸಿದ್ದ. "ಸ್ವಂತ ಯೋಚನೆ ಮಾಡುವ ಯಂತ್ರ ನಮ್ಮ ಎಸ್ಟೇಟಿಗೆ ಆಗಿಕಿಲೆ. ಮೂರನೇ ದಿನಕ್ಕೆ ರಜೆ ಕೇಳ್ದೆ."

ಇಷ್ಟು ಅಭಿಪ್ರಾಯಗಳ ನಡುವೆ ಅವನಲ್ಲಿ ಇಲ್ಲದ್ದು ಒಂದೇ, ಯಂತ್ರ. ಕೊನೆಗೊಂದು ದಿನ ಹಳೆಯ ಸೀಮೆಎಣ್ಣೆ ಎಂಜಿನ್ನು ಕೊಂಡು ತಂದ. ತೋಟದ ಕೆಳಗೆ ಹರಿಯುವ ತೋಡಿನಿಂದ ನೀರೆತ್ತಿ ಕಾಫಿಗೆ ಹಾಯಿಸುವ ಆಸೆ. ಮಾರ್ಚ್ ತಿಂಗಳು, ಗಿಡದಲ್ಲಿ ಮೊಗ್ಗು ತುಂಬಿತ್ತು, ಅದನ್ನು ಅರಳಿಸುವ ಹೂಮಳೆಯ ಸುಳಿವಿರಲಿಲ್ಲ. ಆದರೆ ಮನೆಯ ಯಜಮಾನ ಅವನ ದೊಡ್ಡಪ್ಪ ಪೊನ್ನಪ್ಪ. ಎಂಬತ್ತು ದಾಟಿದ ಅವರು ಎಂಜಿನ್ನನ್ನು ಕೋಲಿನಿಂದ ಕುಟ್ಟಿ ನೋಡಿ ಹೇಳಿಬಿಟ್ಟಿದ್ದರು.

"ಸೋಮವಾರ ಲಾರಿ ಬಂದದೆ. ಈ ಕಬ್ಬಿಣ ಗುಜರಿಗೆ ಹೋಕು."

ಇಂದು ಭಾನುವಾರ. ದೊಡ್ಡಪ್ಪ ಸಿದ್ದಾಪುರದ ಸಂತೆಗೆ ಹೋಗಿದ್ದರು. ನಾಲ್ಕು ಗಂಟೆಯ ಬಸ್ಸಿಗೆ ಅವರು ಇಳಿಯುವಷ್ಟರಲ್ಲಿ ತೋಟದಲ್ಲಿ ನೀರು ಹರಿಯುತ್ತಿದ್ದರೆ ಎಂಜಿನ್ನು ಉಳಿಯುತ್ತದೆ. ಇಲ್ಲದಿದ್ದರೆ ದೇರಪ್ಪನ ಜೀವಮಾನದ ಒಂದೇ ಯಂತ್ರ ನಾಳೆ ಗುಜರಿ.

ದೇರಪ್ಪ ಹ್ಯಾಂಡಲ್ ಹಿಡಿದು ಕುಲದೇವರನ್ನು ನೆನೆದು ತಿರುಗಿಸಿದ.

ಢಂ! ಢಂ!

ಎಂಜಿನ್ನು ಒಂದು ಬಿಳಿಯ ಹೊಗೆಯುಂಗುರ ಬಿಟ್ಟು, ಊಟ ಮುಗಿಸಿದ ನೆಂಟನಂತೆ ಸುಮ್ಮನಾಯಿತು.

ಆ ಕಡೆಯ ಹಳ್ಳಿಗಳಲ್ಲಿ ಕೋವಿಗೂ ಒಂದು ಭಾಷೆ. ಒಂದು ಗುಂಡಿನ ಸದ್ದು ಕೇಳಿದರೆ ಗಂಡು ಹುಟ್ಟಿದೆ. ಬೆನ್ನಿಗೆ ಬೆನ್ನು ಎರಡು ಕೇಳಿದರೆ ಸಾವು. ಕೇಳಿದವರು ಮಾಡುತ್ತಿದ್ದ ಕೆಲಸವನ್ನು ಹಾಗೇ ಬಿಟ್ಟು ಸದ್ದು ಬಂದ ಕಡೆಗೆ ಹೊರಡಬೇಕು.

ಹತ್ತು ನಿಮಿಷದಲ್ಲಿ ಕೆಳಗಿನ ಮನೆಯ ತಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಂಗಳಕ್ಕೆ ಬಂದಳು. ಆ ಸೀಮೆಯಲ್ಲಿ ಅವಳಷ್ಟು ಗಟ್ಟಿಯಾಗಿ ಅಳುವವರಿಲ್ಲ. ಅವಳ ಹಿಂದೆಯೇ ಇನ್ನೂ ಹತ್ತು ಹನ್ನೆರಡು ಜನ.

"ಅಯ್ಯೋ ಪೊನ್ನಪ್ಪಣ್ಣಾ!" ಎಂದು ತಂಗಮ್ಮ ಶುರುಮಾಡಿದಳು.

ದೇರಪ್ಪ ಮೆಟ್ಟಿಲು ಹತ್ತಿ ಓಡಿ ಬಂದ. "ತಂಗಮ್ಮಕ್ಕಾ, ಯಾರೂ ಸತ್ತಿತ್ಲೆ! ಅದ್ ನನ್ನ ಎಂಜಿನ್ನಿನ ಸದ್ದ್!"

ತಂಗಮ್ಮ ಅಳು ನಿಲ್ಲಿಸಿ ಅವನನ್ನು ಕರುಣೆಯಿಂದ ನೋಡಿದಳು. "ಎಂಜಿನ್ ಬೆಕ್ಕಿನಂಗೆ ಗುರುಗುಟ್ಟುದು, ತೊಟ್ಟಿಲ ಮಗೂ ಏಳಿಕಿಲೇಂತ ನೀನೇ ಊರಿಗೆಲ್ಲ ಹೇಳಿತ್ಲೆಯಾ?"

ಅಭಿಪ್ರಾಯ ಅವನದೇ. ದೇರಪ್ಪ ತಲೆ ತಗ್ಗಿಸಿದ.

"ದೊಡ್ಡಪ್ಪ ಎಲ್ಲಿ ಒಳೊ?" ಎಂದು ಕೇಳಿದಳು ತಂಗಮ್ಮ.

"ಸಿದ್ದಾಪುರಕ್ಕೆ ಹೋಗ್ಯೊಳೊ. ನಾಲ್ಕು ಗಂಟೆ ಬಸ್ಸಿಗೆ ಬಂದವೆ."

ಜನರ ನಡುವೆ ಒಂದು ನಿಟ್ಟುಸಿರು ಹರಿಯಿತು. ಎಲ್ಲರಿಗೂ ಅರ್ಥವಾಯಿತು. ಮುದುಕ ಸಂತೆಯಲ್ಲಿ ಹೋಗಿಬಿಟ್ಟಿದ್ದಾರೆ. ಹೆಣ ನಾಲ್ಕು ಗಂಟೆಯ ಬಸ್ಸಿಗೆ ಬರುತ್ತದೆ. ಪಾಪ, ದೇರಪ್ಪನಿಗೆ ದುಃಖದಲ್ಲಿ ತಲೆ ಕೆಟ್ಟು ಎಂಜಿನ್ನು ಎಂಜಿನ್ನು ಎನ್ನುತ್ತಿದ್ದಾನೆ.

ದೇರಪ್ಪನಿಗೆ ಈಗ ಉಳಿದದ್ದು ಒಂದೇ ದಾರಿ. ಎಂಜಿನ್ನು ಗುಂಡು ಹೊಡೆಯುವುದನ್ನು ಎಲ್ಲರ ಕಣ್ಣೆದುರಿಗೆ ತೋರಿಸಬೇಕು. ಅವರನ್ನು ತೋಡಿನ ಬಳಿಗೆ ಕರೆದೊಯ್ದು ಹ್ಯಾಂಡಲ್ ತಿರುಗಿಸಿದ. ಎಂಜಿನ್ನು ಉಸಿರೆತ್ತಲಿಲ್ಲ. ಮತ್ತೆ ತಿರುಗಿಸಿದ. ಇನ್‌ಸ್ಪೆಕ್ಟರ್ ಬಂದ ದಿನದ ಶಾಲೆಯ ಹುಡುಗನಂತೆ ಅದು ಬಾಯಿಗೆ ಬೀಗ ಹಾಕಿಕೊಂಡಿತು. ಅರ್ಧ ಗಂಟೆ ತಿರುಗಿಸಿ ತೋಳು ಬಿದ್ದುಹೋಯಿತು. ಜನ ಒಬ್ಬೊಬ್ಬರಾಗಿ ನಾಲಿಗೆ ಲೊಚಗುಟ್ಟಿ ಮೇಲೆ ಹೋದರು. ಕೊನೆಯವರ ಬೆನ್ನು ಮರೆಯಾದ ಮೇಲೆ ಇನ್ನೊಮ್ಮೆ ತಿರುಗಿಸಿದ ಕೂಡಲೇ—

ಢಂ!

ಒಂದೇ ಒಂದು.

ಮೇಲಿನ ಬದಿಯ ಮನೆ ಪುಟ್ಟಸ್ವಾಮಿಯದು. ಹಾಸನದ ಕಡೆಯಿಂದ ಬಂದು ನೆಲೆಸಿದವನು, ಊರಿನ ಪದ್ಧತಿಗಳನ್ನು ಊರಿನವರಿಗಿಂತ ಬಿಗಿಯಾಗಿ ಪಾಲಿಸುತ್ತಿದ್ದ. ಮೊದಲಿನ ಎರಡು ಸದ್ದಿನ ಹೊತ್ತಿಗೆ ಅವನು ಸ್ನಾನಕ್ಕೆ ಕೂತಿದ್ದ, ಕೇಳಿಸಿರಲಿಲ್ಲ. ಈ ಒಂದು ಕೇಳಿಸಿತು. ದೇರಪ್ಪ ಅಂಗಳಕ್ಕೆ ಹತ್ತಿ ಬರುವಷ್ಟರಲ್ಲಿ ಅವನು ಬಾಳೆಗೊನೆ ಹೊತ್ತು, ಹಲ್ಲೆಲ್ಲ ತೋರಿಸುತ್ತ ಬಂದ.

"ದೇರಪ್ಪನೋರೇ, ಗಂಡು ಮಗು ಅಂತಲ್ಲಾ! ಒಂದು ಮಾತಾದ್ರೂ ಹೇಳಬಾರದಿತ್ತಾ? ಎಲ್ಲಿ ಬಾಣಂತಿ?"

ಇಡೀ ಅಂಗಳ ಬೊಳ್ಳಮ್ಮನ ಕಡೆಗೆ ತಿರುಗಿತು. ನಲವತ್ತಾರು ವರ್ಷದ ಬೊಳ್ಳಮ್ಮ ಬಂದವರಿಗೆ ಕೊಡಲು ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ತಂಗಮ್ಮ ಅವಳ ಹೊಟ್ಟೆಯನ್ನು ಒಮ್ಮೆ ದಿಟ್ಟಿಸಿ, ಕೈ ಮುಗಿದಳು.

"ದೇವರ ಮಹಿಮೆ ನೋಡಿ! ಒಂದ್ ಜೀವ ಹೋದ ಮನೆಗೆ ಇನ್ನೊಂದ್ ಬಾತ್. ಪೊನ್ನಪ್ಪಣ್ಣನೇ ಹುಟ್ಟಿ ಬಂದವೆ!"

"ಮುಕ್ಕಾಲ್ ಗಂಟೆ ಒಳಗೆಯಾ?" ಎಂದಳು ಬೊಳ್ಳಮ್ಮ. "ಅವು ಬದ್ಕಿದ್ದಾಗ ಒಂದ್ ಕೆಲಸಕ್ಕೂ ಇಷ್ಟ್ ಅರ್ಜೆಂಟ್ ಮಾಡಿತ್ಲೆ." ತಟ್ಟೆಯನ್ನು ಪುಟ್ಟಸ್ವಾಮಿಯ ಕೈಗೆ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಗಲೇ ತೋಟದ ಗಡಿಯಿಂದ ಕೊಡಲಿಯ ಸದ್ದು ಕೇಳಿಸಿತು. ದೇರಪ್ಪ ಓಡಿದ. ಪಕ್ಕದ ಮನೆಯ ಸಾಂತಪ್ಪ ತನ್ನ ದೊಡ್ಡ ಮಾವಿನ ಮರವನ್ನು ಮಕ್ಕಳ ಕೈಯಲ್ಲಿ ಕಡಿಸುತ್ತಿದ್ದ. ಚಿತೆಗೆ ಹಸಿ ಮಾವಿನ ಸೌದೆ ಬೇಕು, ಅದು ನೆರೆಯವರ ಧರ್ಮ. ಆದರೆ ಈ ಮರ ಸಾಮಾನ್ಯದ್ದಲ್ಲ. ಅದರ ನೆರಳು ಬಿದ್ದು ಪೊನ್ನಪ್ಪನ ಎರಡು ಸಾಲು ಕಾಫಿ ಕಾಯಿ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಕೋರ್ಟಿನಲ್ಲಿ ವ್ಯಾಜ್ಯ, ಎರಡು ಮನೆಗೆ ಮಾತಿರಲಿಲ್ಲ.

"ಸಾಂತಪ್ಪಣ್ಣಾ, ನಿಲ್ಸಿ! ದೊಡ್ಡಪ್ಪ ಬದ್ಕಿಯೊಳೊ!"

ಸಾಂತಪ್ಪನ ಕಣ್ಣಲ್ಲಿ ನೀರಿತ್ತು. "ಹೌದ್ ಮಗಾ, ನಮ್ಮೆಲ್ಲರ ಮನಸ್ಸಿಲಿ ಬದ್ಕಿಯೊಳೊ. ಇದ್ದಾಗ ಒಂದ್ ಕೊಂಬೆ ಕಡಿಯಿಕೆ ಬಿಟ್ಟಿತ್ಲೆ ನಾನ್. ಈಗ ಇಡೀ ಮರ ಕೊಡ್ನೆ."

ಮರ ನಿಧಾನವಾಗಿ ವಾಲಿ, ಧಡಾರನೆ ಮಲಗಿತು.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಊರೆಲ್ಲ ಹೆಣ ಇಳಿಸಿಕೊಳ್ಳಲು ರಸ್ತೆಗೆ ಹೋಯಿತು. ದೇರಪ್ಪ ಒಬ್ಬನೇ ತೋಡಿನ ಬಳಿ ಕುಸಿದು ಕೂತ. ಎದುರಿಗೆ ಎಂಜಿನ್ನು. ಜೀವನದಲ್ಲಿ ಮೊದಲ ಬಾರಿಗೆ ತನ್ನ ಅಭಿಪ್ರಾಯವನ್ನು ಬದಿಗಿಟ್ಟು, ತಿರುಪನ್ನು ಕಂಪನಿಯವರ ಗೆರೆಗೆ ತಂದು ನಿಲ್ಲಿಸಿದ. ಹ್ಯಾಂಡಲ್ ತಿರುಗಿಸಿದ.

ಎಂಜಿನ್ನು ನಿಜಕ್ಕೂ ಬೆಕ್ಕಿನಂತೆ ಗುರುಗುಟ್ಟಿತು. ಕೊಳವೆಯಲ್ಲಿ ನೀರು ಚಿಮ್ಮಿತು. ಒಣಗಿದ ಕಾಫಿ ಗಿಡಗಳ ಮೇಲೆ ಬೀಳುತ್ತಿದ್ದ ನೀರಿಗೆ ಕೈಯೊಡ್ಡಿ ದೇರಪ್ಪ ಮುಖ ತೊಳೆದುಕೊಂಡ.

ರಸ್ತೆಯಲ್ಲಿ ಬಸ್ಸು ನಿಂತಿತು. ಹೆಣ ತಾನೇ ಇಳಿಯಿತು. ಒಂದು ಕೈಯಲ್ಲಿ ಒಣಮೀನಿನ ಕಟ್ಟು, ಇನ್ನೊಂದರಲ್ಲಿ ಹೊಸ ಗುದ್ದಲಿ. ತಂಗಮ್ಮ ಎತ್ತಿದ ಸ್ವರವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಳು. ಪೊನ್ನಪ್ಪ ಎರಡು ಸದ್ದಿನ, ಎಂಜಿನ್ನಿನ ಕಥೆಯನ್ನೆಲ್ಲ ಅವರ ಬಾಯಿಂದಲೇ ಕೇಳಿಸಿಕೊಂಡು, ಊರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ನೇರ ತೋಟಕ್ಕೆ ಬಂದರು. ಬಿದ್ದ ಮರ ನೋಡಿದರು. ಕೊಡಲಿ ಹಿಡಿದ ಸಾಂತಪ್ಪನನ್ನು ನೋಡಿದರು.

"ನನ್ನ ಸುಡಿಕೆಯಾ?"

"ಹೂಂ."

"ಇಡೀ ಮರಾನಾ?"

"ಇಡೀ."

ಪೊನ್ನಪ್ಪ ಗುದ್ದಲಿಯನ್ನು ಬಿದ್ದ ಮರಕ್ಕೆ ಒರಗಿಸಿದರು. "ಬಾ, ಕಾಫಿ ಕುಡಿ," ಎಂದರು ಕೊನೆಗೆ.

ತಂಗಮ್ಮ ಈ ಬಾರಿ ನಿಜವಾಗಿ ಅತ್ತಳು. ಪುಟ್ಟಸ್ವಾಮಿಗೂ ಎದೆ ತುಂಬಿ ಬಂತು. "ಸಾಂತಪ್ಪನೋರು ಒಬ್ರೇ ಪುಣ್ಯ ಕಟ್ಕೊಂಡ್ರೆ ಹೆಂಗೆ? ಮೇಲ್ಗಡೆ ಬೇಲೀಲಿ ನಮ್ದೂ ಒಂದು ಮಾವಿನ ಮರ ಐತೆ. ಈ ಮನೇಲಿ ಮುಂದೆ ಯಾರೇ ಹೋದ್ರೂ, ಚಿತೆಗೆ ಆ ಮರ ನಂದು!"

ಎಲ್ಲರೂ ಕಾಫಿಗೆಂದು ಮನೆಯ ಕಡೆ ಹೊರಟರು. ಪೊನ್ನಪ್ಪ ಮಾತ್ರ ತೋಡಿನ ಬಳಿಗೆ ಇಳಿದರು. ಬೊಳ್ಳಮ್ಮ ಅವರ ಕಾಫಿಯನ್ನು ಅಲ್ಲಿಗೇ ತಂದಳು.

"ಲಾರಿ ಬೇಡಾಂತ ಹೇಳಿಬುಡು," ಎಂದರು ಪೊನ್ನಪ್ಪ. "ಎಂಜಿನ್ ಇಲ್ಲೇ ಇರ್ಲಿ. ಕೋರ್ಟಿಲಿ ಇಪ್ಪತ್ತು ವರ್ಷ ಆಗದ್ದ್ ಇದ್ ಒಂದ್ ದಿನಲಿ ಮಾಡ್ತ್."

ದೇರಪ್ಪ ಹಿಗ್ಗಿಹೋದ. ಚಿಮ್ಮುವ ನೀರಿನ ಕಡೆಗೆ ಕೈ ತೋರಿಸಿದ. ಪೊನ್ನಪ್ಪ ನೀರಿನ ಕಡೆ ನೋಡಲೇ ಇಲ್ಲ. ಎಂಜಿನ್ನಿಗೆ ಕಿವಿ ಕೊಟ್ಟು ಹುಬ್ಬು ಗಂಟಿಕ್ಕಿದರು.

"ಇದೆಂತ ಗುರ್ ಗುರ್ ಹೇಳ್ದು? ಊರೆಲ್ಲ ಕೇಳ್ದ ಆ ಸದ್ದ್ ಎಲ್ಲಿ?"

"ಅದ್ ಸರಿ ಮಾಡ್ದೆ, ದೊಡ್ಡಪ್ಪ."

"ಸರಿ ಮಾಡಿಕೆ ನಿಂಗೆ ಹೇಳ್ದವು ಯಾರ್? ಮೊದ್ಲಿನಂಗೆ ಹಾಳ್ ಮಾಡು. ನಾಳೆ ಬೆಳಗ್ಗೆ ಮತ್ತೆ ಎರಡ್ ಸದ್ದ್ ಬೇಕು." ಅವರ ಕಣ್ಣು ಮೇಲಿನ ಬೇಲಿಯಿಂದ ತಮ್ಮ ಕಾಫಿಗೆ ನೆರಳು ಚೆಲ್ಲುತ್ತಿದ್ದ ಪುಟ್ಟಸ್ವಾಮಿಯ ಮಾವಿನ ಮರವನ್ನು ಬುಡದಿಂದ ತುದಿಯವರೆಗೆ ಅಳೆಯಿತು.

"ದೊಡ್ಡಪ್ಪಾ, ನೀವು ಬದ್ಕಿರುದನ್ನ ಊರೇ ನೋಡ್ತ್! ಇನ್ನೊಂದ್ ಸಲ ಸತ್ತರೆ ಯಾರ್ ನಂಬುವೊ?"

"ನಾನೇ ಯಾಕೆ ಸಾಯೊಕು?" ಎಂದರು ಪೊನ್ನಪ್ಪ. ಸಂತೆಯಲ್ಲಿ ಎತ್ತು ಆರಿಸುವವರಂತೆ ದೇರಪ್ಪನನ್ನು ಒಂದು ಸುತ್ತು ಬಂದು ನೋಡಿದರು.

ದೇರಪ್ಪ ಎಂಜಿನ್ನಿನ ಹಿಂದಕ್ಕೆ ಸರಿದ. "ನಾ... ನಾ ಮಲ್ಗಿದರೆ ಹ್ಯಾಂಡಲ್ ಯಾರ್ ತಿರುಗ್ಸುದು?"

"ಅದ್ ನಾ ತಿರುಗ್ಸುವೆ. ಇನ್ನ್ ಮುಂದೆ ನೀ ಇದ್ನ ಮುಟ್ಟುದೇ ಬೇಡ."

ಬೊಳ್ಳಮ್ಮ ಖಾಲಿ ಲೋಟ ತೆಗೆದುಕೊಂಡು, ಗಂಡನ ಮುಖ ನೋಡಿ ಒಂದು ಕ್ಷಣ ಯೋಚಿಸಿದಳು.

"ಹಂಗಾರೆ ಮಾವ, ನಾಳೆ ಅವ್ಕೆ ರೊಟ್ಟಿ ಮಾಡೊಕಾ, ಬೇಡವಾ?"