ಮಿರ್ವಾಸಿತ್ ಮೇಷ್ಟ್ರ ಮೋಡೆಮ್

ಹೆಂಡತಿ ಬಜಾರಿಗೆ ಹೊರಟದ್ದೇ ತಡ, ಮರ್ಗಿಲಾನ್ ಊರಿನ ಭೂಗೋಳದ ಮೇಷ್ಟ್ರು ಮಿರ್ವಾಸಿತ್ ಬೀರುವಿನ ಹಿಂದೆ ಕೈ ತೂರಿಸಿ ಮೋಡೆಮ್ಮಿನ ಫೋನ್ ವೈರು ಕಿತ್ತುಬಿಟ್ಟರು. ಹನ್ನೊಂದಕ್ಕೆ ಶಿಕ್ಷಕರ ಆನ್‌ಲೈನ್ ಪರೀಕ್ಷೆ. ಫೇಲಾದರೆ ದರ್ಜೆ ಇಳಿಯುತ್ತದೆ. ಇಪ್ಪತ್ತೆರಡು ವರ್ಷ ಮಕ್ಕಳ ಬೆವರಿಳಿಸಿದವರು ರಾತ್ರಿಯಿಡೀ ತಾವೇ ಬೆವರಿದ್ದರು.

ಬಾಲ್ಕನಿಯಲ್ಲಿ ನಿಂತು ಹೆಡ್‌ಮಿಸ್ಸಿಗೆ ಮೊಬೈಲ್ ಹಚ್ಚಿದರು. "ಮೇಡಂ, ಏನ್ ಹೇಳ್ಲಿ! ಡಿಎಸ್‌ಎಲ್ ದೀಪ ಮಿಣುಕ್ತಾನೇ ಇದೆ. ಲೈನೇ ಇಲ್ಲ!"

"ಅಯ್ಯೋ ಪಾಪ! ಈಗ್ಲೇ ಮೇಲಿನವರಿಗೆ ತಿಳಿಸ್ತೀನಿ, ಬಿಡಿ."

ಪಕ್ಕದ ಬಾಲ್ಕನಿಯಲ್ಲಿ ರಜಾಯಿ ಒಣಹಾಕುತ್ತಿದ್ದ ಹೋಸಿಯತ್ ಓಪಾ ಕಿವಿ ನಿಮಿರಿಸಿದರು. ಇಡೀ ಕಟ್ಟಡಕ್ಕೆ ಅವರು ಓಪಾ, ಎಂದರೆ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. 'ಲೈನು' ಎಂಬ ಶಬ್ದ ಕೇಳಿದ್ದೇ, ಮದುವೆ ಕಹಳೆ ಕೇಳಿದ ಮುದಿ ಕುದುರೆಯಂತೆ ಓಡಿಬಂದು ಮೋಡೆಮ್ಮಿನ ಮುಂದೆ ಕೂತು ಕನ್ನಡಕ ಏರಿಸಿದರು.

"ಪವರ್ ದೀಪ ಉರೀತಿದೆ, ಜೀವ ಇದೆ. ಡಿಎಸ್‌ಎಲ್ ಮಿಣುಕ್ತಿದೆ ಅಂದ್ರೆ ಎಕ್ಸ್‌ಚೇಂಜನ್ನ ಕೂಗ್ತಿದೆ, ಆ ಕಡೆಯಿಂದ ಯಾರೂ ಓಗೊಡ್ತಿಲ್ಲ. ಅದು ನಿಲ್ಲದೆ ಇಂಟರ್‌ನೆಟ್ ದೀಪ ಹತ್ತಲ್ಲ. ಸರೀರಿ ಮೇಷ್ಟ್ರೇ, ವೈರು ನೋಡಣ."

ಮಿರ್ವಾಸಿತ್ ಬೀರುವಿಗೆ ಬೆನ್ನು ಅಂಟಿಸಿ ನಿಂತರು. "ವೈರು ಗಟ್ಟಿಯಾಗಿದೆ ಓಪಾ! ತೊಂದ್ರೆ ಹೊರಗಿಂದು!"

ಈ ಮಾತು ಕೆಳಮನೆಯ ಶೆರ್ಮತ್‌ನ ಕಿವಿಗೆ ಬಿತ್ತು. ಕರೆಯದೆಯೇ ಬಂದ ಆ ಮಹಾರಾಯ ಮೆಟ್ಟಿಲ ಬಳಿಯ ಫೋನ್ ಪೆಟ್ಟಿಗೆ ತೆರೆದು ಸ್ಕ್ರೂಡ್ರೈವರ್ ಆಡಿಸಿದ. ಕಾಲು ಗಂಟೆಯಲ್ಲಿ ಮೂರನೇ ಮಹಡಿಯ ಫೋನು ಐದನೆಯದರಲ್ಲಿ ಬಡಿದುಕೊಂಡಿತು. ನಾಲ್ಕನೇ ಮಹಡಿಯ ಅಜ್ಜಿಗೆ ಯಾರೋ ಸಿಮೆಂಟಿನ ಬೆಲೆ ಕೇಳಿದರು. ಹೋಸಿಯತ್ ಓಪಾ ಸ್ಟೂಲು ಹಾಕಿ ಕೂತು ಒಂದೊಂದೇ ವೈರನ್ನು ಸ್ವಸ್ಥಾನಕ್ಕೆ ಸೇರಿಸುವಷ್ಟರಲ್ಲಿ ಇಡೀ ಕಟ್ಟಡ ಮೇಷ್ಟ್ರ ಮನೆಯಲ್ಲಿತ್ತು.

"ಈಗ ಹೊರಗೆಲ್ಲ ಸರಿಯಿದೆ. ಬೀರು ಎಳೀರಿ!" ಎಂದರು ಓಪಾ.

ಬೆನ್ನು ಅಂಟಿಸಿದ್ದ ಮೇಷ್ಟ್ರ ಸಮೇತ ಬೀರುವನ್ನೇ ಆರು ಜನ ಎಳೆದರು. ವೈರು ನೇತಾಡುತ್ತಿತ್ತು.

"ಇಲಿ... ಎಳೆದಿರ್ಬೇಕು," ಎಂದು ಮಿರ್ವಾಸಿತ್ ತೊದಲಿದರು.

"ಕ್ಲಿಪ್ಪು ಒತ್ತಿ ತೆಗೆಯೋ ಇಲಿ! ಭಾರಿ ಓದಿದ ಇಲಿ ಇರ್ಬೇಕು," ಎನ್ನುತ್ತಾ ಓಪಾ ವೈರು ಸಿಕ್ಕಿಸಿದರು. ದೀಪ ಪಟಪಟನೆ ಮಿಣುಕಿ ಗಟ್ಟಿಯಾಗಿ ನಿಂತಿತು. ಇಂಟರ್‌ನೆಟ್ ದೀಪವೂ ಹಸಿರಾಯಿತು. ಚಪ್ಪಾಳೆ! ಗಂಟೆ ಹತ್ತು ಐವತ್ತೆಂಟು. ಶೆರ್ಮತ್ ಮೇಷ್ಟ್ರ ಭುಜ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದ. ಹನ್ನೊಂದಾಯಿತು, ಹನ್ನೊಂದೂ ಹತ್ತಾಯಿತು, ಪ್ರಶ್ನೆಯ ಸುಳಿವಿಲ್ಲ. ಅಷ್ಟರಲ್ಲಿ ಹೆಡ್‌ಮಿಸ್ಸಿನ ಫೋನು.

"ಮೇಷ್ಟ್ರೇ, ಪ್ರಶ್ನೆ ಕಳಿಸೋ ಕಂಪ್ಯೂಟರೇ ಕೆಟ್ಟೋಯ್ತಂತೆ! ಪಟ್ಟಿಯಲ್ಲಿದ್ದೋರನ್ನೆಲ್ಲ ಹಾಗೇ ಪಾಸ್ ಮಾಡ್ಬಿಟ್ರು!"

ಮಿರ್ವಾಸಿತ್‌ಗೆ ಕಣ್ಣು ತುಂಬಿ ಬಂತು. "ಹಾಗಾದ್ರೆ ನಾನೂ ಪಾಸಾ ಮೇಡಂ?"

"ನಿಮ್ಮ ಹೆಸ್ರು ಬೆಳಿಗ್ಗೇನೇ ತೆಗೆಸಿದ್ನಲ್ಲ, ಲೈನಿಲ್ಲ ಅಂದ್ರಿ! ಹೆದರ್ಬೇಡಿ, ಕೈಕಾಲು ಹಿಡಿದು ನಿಮ್ಮೊಬ್ಬರಿಗೇ ಬೇರೆ ಏರ್ಪಾಡು ಮಾಡ್ಸಿದೀನಿ. ನಾಳೆ ಫರ್ಗಾನಾದಲ್ಲಿ ಮೂರು ಜನ ಪ್ರೊಫೆಸರುಗಳ ಮುಂದೆ ಬಾಯಿಪರೀಕ್ಷೆ. ನಕ್ಷೆಗಳನ್ನೆಲ್ಲ ಅವರೇ ತರ್ತಾರಂತೆ, ನೀವು ಬರಿಗೈಯಲ್ಲಿ ಹೋದ್ರೆ ಸಾಕು."